ಡೆಡ್‌ಸ್ಟಾಕ್ ನಂಬರ್ 47

ಪೆಟ್ಟಿಗೆಯ ಅಡಿಯಲ್ಲಿ ಬಿಳಿ ಬಣ್ಣದಿಂದ ಬರೆದದ್ದು ಇನ್ನೂ ಓದಲು ಬರುತ್ತದೆ: ‘ಡೆ. ಸ್ಟಾ. ನಂ. 47’. ಶಾಲೆಯ ಬೆಂಚು, ಭೂಪಟ, ಕಪಾಟು, ಹಿತ್ತಾಳೆಯ ಗಂಟೆ ಎಲ್ಲವೂ ಡೆಡ್‌ಸ್ಟಾಕ್ ರಜಿಸ್ಟರಿನಲ್ಲಿ ಒಂದೊಂದು ನಂಬರು ಪಡೆದಿರುತ್ತವೆ. ನಲವತ್ತೇಳನೆಯದು ರೆಕಾರ್ಡ್ ಪ್ಲೇಯರ್. ನಾವು ಅದನ್ನು ಫೋನೋ ಎನ್ನುತ್ತಿದ್ದೆವು.

ಬೆಟಗೇರಿಯಲ್ಲಿ ನಾನು ಏಳನೆಯ ಇಯತ್ತೆಯವರೆಗೆ ಓದಿದ ಶಾಲೆಯ ಹಳೆಯ ಕೋಣೆಯೊಂದನ್ನು ಕೆಡವುವವರಿದ್ದರು. ಗುಜರಿಗೆ ಹೋಗಲಿದ್ದ ಸಾಮಾನುಗಳ ನಡುವೆ, ಮುರಿದ ಗ್ಲೋಬಿನ ಪಕ್ಕದಲ್ಲಿ ಅದು ಕುಳಿತಿತ್ತು. ಹೆಡ್‌ಮಾಸ್ತರರಿಗೆ ಅರ್ಜಿ ಬರೆದುಕೊಟ್ಟೆ, ‘ದುರಸ್ತಿಗಾಗಿ ಒಯ್ಯಲಾಗಿದೆ’ ಎಂದು ರಜಿಸ್ಟರಿನಲ್ಲಿ ಸಹಿ ಮಾಡಿದೆ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ.

ಹೇಳಬೇಕಾದ ಮಾತೊಂದಿದೆ. 1970ರ ದಶಕದ ಕೊನೆಯಲ್ಲಿ, ಶನಿವಾರ ಡ್ರಿಲ್ ಮುಗಿದ ಮೇಲೆ, ಮೂರು ವರ್ಗದ ಮಕ್ಕಳನ್ನು ಒಂದೇ ಜಮಖಾನದ ಮೇಲೆ ಕೂಡಿಸಿ ಮಾಸ್ತರರು ಈ ಪೆಟ್ಟಿಗೆ ತೆರೆಯುತ್ತಿದ್ದರು. ಸ್ವಿಚ್ ಹಾಕಿದೊಡನೆ ಇದು ಮಾತಾಡುತ್ತಿರಲಿಲ್ಲ. ಒಳಗಿನ ಗಾಜಿನ ಕೊಳವೆಗಳಾದ ವಾಲ್ವ್‌ಗಳು ಕಾಯಲು ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷದಲ್ಲಿ ಮಾಸ್ತರರು ಒಂದು ಕಥೆ ಹೇಳುತ್ತಿದ್ದರು. ರೋಣದಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿಯವರು ಹುಡುಗರಾಗಿದ್ದಾಗ ಅಬ್ದುಲ್ ಕರೀಂ ಖಾನರ ಗ್ರಾಮೋಫೋನ್ ಪ್ಲೇಟು ಕೇಳಿ, ಹಾಗೆ ಹಾಡಲೇಬೇಕೆಂದು ಮನೆ ಬಿಟ್ಟು ಹೋದ ಕಥೆ. ಅದು ಮುಗಿಯುವುದರೊಳಗೆ ಸ್ಪೀಕರಿನಿಂದ ಸಣ್ಣ ಗುಂಯ್ ಎಂಬ ಸದ್ದು ಬರುತ್ತಿತ್ತು. ಅರವತ್ತು ಎಪ್ಪತ್ತು ಮಕ್ಕಳು ಉಸಿರು ಹಿಡಿದು ಮುಳ್ಳು ಇಳಿಯುವುದನ್ನು ನೋಡುತ್ತಿದ್ದೆವು. ನನಗೆ ಬೇಕಾಗಿದ್ದದ್ದು ಆ ಅರ್ಧ ನಿಮಿಷ. ಹಾಡು ಈಗ ಎಲ್ಲಿ ಬೇಕಾದರೂ ಸಿಗುತ್ತದೆ.

ಪೆಟ್ಟಿಗೆ ಹೊರಲು, ಮುಳ್ಳು ಎತ್ತಿ ಇಡಲು ಗಂಡುಹುಡುಗರನ್ನೇ ಕರೆಯುತ್ತಿದ್ದರು. ನಾನು ಅದನ್ನು ಕೈಯಿಂದ ಮುಟ್ಟಿದ್ದು ಈ ಡಿಸೆಂಬರಿನಲ್ಲೇ ಮೊದಲು.

ಮರದ ಪೆಟ್ಟಿಗೆ, ಮೇಲೆ ಬೂದು ರೆಕ್ಸಿನ್, ಮುಚ್ಚಳದಲ್ಲಿ ಮೊಟ್ಟೆಯಾಕಾರದ ಸ್ಪೀಕರ್. ಕಂಪನಿಯ ಹೆಸರಿನ ಬಿಲ್ಲೆ ಬಿದ್ದುಹೋಗಿ ಎರಡು ತೂತುಗಳು ಮಾತ್ರ ಉಳಿದಿವೆ. ವೇಗದ ಹಿಡಿಕೆಗೆ ನಾಲ್ಕು ಸ್ಥಾನ: 16, 33, 45, 78, ನಿಮಿಷಕ್ಕೆ ಅಷ್ಟು ಸುತ್ತು ಎಂದು. ಒಳಗೆ ಎರಡೇ ವಾಲ್ವ್: ಕರೆಂಟನ್ನು ಡಿಸಿ ಮಾಡಲು ಇಝಡ್ 80, ದನಿ ಹಿಗ್ಗಿಸಲು ಇಸಿಎಲ್ 82. ಎರಡನೆಯದು ಒಂದೇ ಗಾಜಿನಲ್ಲಿ ದನಿಯನ್ನು ಮೊದಲು ಹಿಗ್ಗಿಸುವ ಟ್ರಯೋಡ್ ಮತ್ತು ಸ್ಪೀಕರ್ ನಡೆಸುವ ಪೆಂಟೋಡ್ ಎರಡನ್ನೂ ಇಟ್ಟುಕೊಂಡಿರುವ ಜಾಣ ವಾಲ್ವ್. ಅದೊಂದೇ ಸುಮಾರು 3 ವ್ಯಾಟ್ ಕೊಡುತ್ತದೆ, ಒಂದು ಹಾಲ್‌ಗೆ ಧಾರಾಳ. ಗ್ಯಾದರಿಂಗ್ ದಿನ ಮೈದಾನಕ್ಕೆ ಮಾತ್ರ ಬಾಡಿಗೆಯ ಲೌಡ್‌ಸ್ಪೀಕರ್ ಬರುತ್ತಿತ್ತು.

ಇಂಥ ಪೆಟ್ಟಿಗೆ ಕೈಗೆ ಸಿಕ್ಕವರಿಗೆ ಮೊದಲು ಹೇಳುವ ಮಾತು: ಪ್ಲಗ್ ಚುಚ್ಚಿ ‘ನಡೆಯುತ್ತದೆಯೇ ನೋಡೋಣ’ ಎನ್ನಬೇಡಿ. ನೂಲು ಸುತ್ತಿದ ಹಳೆಯ ವೈರು ಮುಟ್ಟಿದರೆ ಪುಡಿಯಾಗುತ್ತಿತ್ತು. ಪ್ಲಗ್‌ಗೆ ಎರಡೇ ಪಿನ್ನು, ಅರ್ಥಿಂಗ್ ಇಲ್ಲ. ನನ್ನ ಅದೃಷ್ಟಕ್ಕೆ ಇದರಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇದೆ. ಅಗ್ಗದ ಹಲವು ಮಾದರಿಗಳಲ್ಲಿ ಅದರ ಖರ್ಚು ಉಳಿಸಲು ಮೇನ್ಸ್‌ನ ಒಂದು ತಂತಿಯನ್ನು ನೇರವಾಗಿ ಲೋಹದ ಚೌಕಟ್ಟಾದ ಚಾಸಿಸ್‌ಗೇ ಜೋಡಿಸುತ್ತಿದ್ದರು. ಪ್ಲಗ್ ತಿರುವುಮುರುವಾದರೆ ಚಾಸಿಸ್‌ನಲ್ಲೇ 230 ವೋಲ್ಟ್ ಇರುತ್ತದೆ. ಅಂಥದು ಬಂದರೆ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೈ ಹಾಕಬಾರದು. ನಾನು ಮೂರು ಎಳೆಯ ಹೊಸ ವೈರು, ಒಂದು ಫ್ಯೂಸ್, ಚಾಸಿಸ್‌ಗೆ ಅರ್ಥಿಂಗ್ ಹಾಕಿದ ನಂತರವೇ ಮುಂದೆ ಹೋದೆ. ಈ ಯಂತ್ರ ಮತ್ತೆ ಮಕ್ಕಳ ನಡುವೆ ಕೂಡಬೇಕಾದದ್ದು.

ಆಮೇಲೆ ಸೀರೀಸ್ ಬೋರ್ಡು. 60 ವ್ಯಾಟಿನ ಹಳೆಯ ಬಲ್ಬನ್ನು ದಾರಿಯಲ್ಲಿ ಕೂರಿಸಿ ಕರೆಂಟು ಕೊಟ್ಟರೆ ಬಲ್ಬೇ ಸುದ್ದಿ ಹೇಳುತ್ತದೆ. ಒಮ್ಮೆ ಬೆಳಗಿ ಮಂಕಾದರೆ ಕ್ಷೇಮ, ಬೆಳಗುತ್ತಲೇ ಉಳಿದರೆ ಒಳಗೆಲ್ಲೋ ಶಾರ್ಟ್. ನನ್ನ ಬಲ್ಬು ವಾಲ್ವ್ ಕಾದ ಕೂಡಲೇ ಪೂರ್ತಿ ಬೆಳಗಿತು. ತಪ್ಪಿತಸ್ಥ, ಡಿಸಿಯ ಏರಿಳಿತ ತಗ್ಗಿಸುವ ದೊಡ್ಡ ಫಿಲ್ಟರ್ ಕಂಡೆನ್ಸರ್. ಅದರ ಬುಡದಲ್ಲಿ ಬಿಳಿ ಉಪ್ಪು ಒಸರಿ ಒಣಗಿತ್ತು. ಅಲ್ಯುಮಿನಿಯಂ ಡಬ್ಬಿಯನ್ನು ಬುಡದಲ್ಲಿ ಕತ್ತರಿಸಿ, ಒಳಗಿನದನ್ನು ತೆಗೆದು, 47 ಮೈಕ್ರೋಫ್ಯಾರಡ್ 450 ವೋಲ್ಟಿನ ಹೊಸ ಎರಡನ್ನು ಅದೇ ಡಬ್ಬಿಯಲ್ಲಿ ಅಡಗಿಸಿ ಮತ್ತೆ ನಿಲ್ಲಿಸಿದೆ. ಮೇಲಿನಿಂದ ನೋಡಿದವರಿಗೆ ಹಳೆಯದೇ ಕಾಣುತ್ತದೆ.

ಅದಕ್ಕಿಂತ ಅಪಾಯದ್ದು ಇನ್ನೊಂದಿತ್ತು. ಟ್ರಯೋಡಿನಿಂದ ಪೆಂಟೋಡಿಗೆ ದನಿ ದಾಟಿಸುವ ಸಣ್ಣ ಪೇಪರ್ ಕಂಡೆನ್ಸರ್, ಮೇಣದ ಬತ್ತಿಯ ತುಂಡಿನಂಥದು. ಇದು ದನಿಯನ್ನು ಮಾತ್ರ ದಾಟಿಸಬೇಕು, ಡಿಸಿಯನ್ನು ತಡೆಯಬೇಕು. ವಯಸ್ಸಾದಂತೆ ಡಿಸಿ ಒಸರತೊಡಗುತ್ತದೆ. ಆಗ ಕರೆಂಟನ್ನು ಹತೋಟಿಯಲ್ಲಿಡುವ ಪೆಂಟೋಡಿನ ಗ್ರಿಡ್ಡು ಪಾಸಿಟಿವ್ ಆಗಿ, ವಾಲ್ವ್ ಹದ್ದು ಮೀರಿ ಕರೆಂಟು ಎಳೆದು, ಕಡೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೇ ಸುಡುತ್ತದೆ. ಆ ಗ್ರಿಡ್ಡಿನ ಪಿನ್ನಿಗೆ, ಎಂದರೆ ಮೂರನೆಯದಕ್ಕೆ, ಮೀಟರ್ ಹಿಡಿದರೆ ಸೊನ್ನೆ ಇರಬೇಕಾದಲ್ಲಿ 4 ವೋಲ್ಟ್ ತೋರಿಸಿತು. ಪಾಲಿಯೆಸ್ಟರಿನ ಹೊಸದು ಹಾಕಿದ ಮೇಲೆ ಗ್ರಿಡ್ಡಿನಲ್ಲಿ ಸೊನ್ನೆ, ಆನೋಡಿನಲ್ಲಿ 205, ಕ್ಯಾಥೋಡಿನಲ್ಲಿ 16. ಈ ಅಂಕಿಗಳು ಕಂಡ ರಾತ್ರಿ ನಾನು ನೆಮ್ಮದಿಯಾಗಿ ಮಲಗಿದೆ. ವಾಲ್ವ್ ಬದಲಿಸಬೇಕಾಗಲಿಲ್ಲ. ಗಾಜಿನ ಮೇಲೆ ಬಿಇಎಲ್ ಅಕ್ಷರಗಳು ಮಸುಕಾಗಿದ್ದವು. ಬೆಂಗಳೂರಿನಲ್ಲಿ ಹುಟ್ಟಿ, ಬೆಟಗೇರಿಯ ಹಂಚಿನ ಕೋಣೆಯಲ್ಲಿ ದಶಕಗಟ್ಟಲೆ ಮಲಗಿದ್ದು, ಕರೆದ ಕೂಡಲೇ ಕೆಂಪಗೆ ಕಣ್ಣು ತೆರೆಯಿತು.

ಮೋಟಾರು ಅಲುಗುತ್ತಲೇ ಇರಲಿಲ್ಲ. ಹಳೆಯ ಗ್ರೀಸು ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಬಿಚ್ಚಿ, ಸ್ಪಿರಿಟ್ಟಿನಿಂದ ತೊಳೆದೆ. ಕಂಚಿನ ಬುಶ್‌ಗಳು ಸ್ಪಂಜಿನಂತೆ ಎಣ್ಣೆ ಹೀರಿಟ್ಟುಕೊಳ್ಳುವ ಜಾತಿಯವು. ಮೇಲಿನಿಂದ ನಾಲ್ಕು ಹನಿ ಬಿಟ್ಟರೆ ಸಾಲದು. ಬೆಚ್ಚಗಿನ ಎಣ್ಣೆಯಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಲ್ಲುವವರೆಗೆ ಇಟ್ಟು, ಅದರಲ್ಲೇ ತಣಿಯಲು ಬಿಡಬೇಕು. ಮರುದಿನ ಬೆರಳಿನಿಂದ ತಿರುವಿದ ದಂಡ ಬಹಳ ಹೊತ್ತು ಸದ್ದಿಲ್ಲದೆ ತಿರುಗಿತು.

ಆದರೂ ಪ್ಲೇಟು ಇಡುವ ತಟ್ಟೆ ಸರಿಯಾಗಿ ತಿರುಗಲಿಲ್ಲ. ಅಂಚಿಗೆ ಚೀಟಿ ಅಂಟಿಸಿ ಗಡಿಯಾರ ಹಿಡಿದು ಎಣಿಸಿದರೆ, 33⅓ ಸುತ್ತು ಬರಬೇಕಾದ ನಿಮಿಷಕ್ಕೆ 31. ಕೇಳಲು ಸಣ್ಣ ವ್ಯತ್ಯಾಸ. ಸಂಗೀತಕ್ಕೆ ಅದು ಶೇ 7ರಷ್ಟು ಇಳಿಕೆ, ಎಂದರೆ ಶ್ರುತಿ ಹಾರ್ಮೋನಿಯಂನ ಒಂದು ಮನೆಗಿಂತ ತುಸು ಹೆಚ್ಚೇ ಕೆಳಗೆ. ಜೊತೆಗೆ ಗುಡ್, ಗುಡ್ ಎಂಬ ಸದ್ದು.

ಈ ಯಂತ್ರಗಳಲ್ಲಿ ಮೋಟಾರಿನ ದಂಡದ ಮೇಲೆ ಮೆಟ್ಟಿಲು ಮೆಟ್ಟಿಲಾದ ಸಣ್ಣ ಕಂಬಿ ಇರುತ್ತದೆ, ಒಂದು ವೇಗಕ್ಕೆ ಒಂದು ಮೆಟ್ಟಿಲು. ಕಂಬಿಗೂ ತಟ್ಟೆಯ ಒಳ ಅಂಚಿಗೂ ನಡುವೆ ಒಂದು ರಬ್ಬರ್ ಚಕ್ರ ಒತ್ತಿಕೊಂಡು ತಿರುಗುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಐಡ್ಲರ್ ಎನ್ನುತ್ತಾರೆ. ಈ ಚಕ್ರ ಸವೆದು ಸಣ್ಣದಾದದ್ದರಿಂದ ವೇಗ ತಪ್ಪಿದೆ ಎಂದು ಬಹಳ ಜನ ಭಾವಿಸುತ್ತಾರೆ. ಹಾಗಲ್ಲ. ಚಕ್ರದ ಗಾತ್ರ ಲೆಕ್ಕಕ್ಕೇ ಬರುವುದಿಲ್ಲ, ಅದು ನಡುವಿನ ದಲ್ಲಾಳಿ ಮಾತ್ರ. ವೇಗವನ್ನು ನಿರ್ಧರಿಸುವುದು ಮೋಟಾರಿನ ಓಟ, ಕಂಬಿಯ ಮೆಟ್ಟಿಲು, ತಟ್ಟೆಯ ಒಳ ಅಂಚು. ವರ್ನಿಯರ್‌ನಿಂದ ಅಳೆದೆ: 78ರ ಮೆಟ್ಟಿಲು 5.1 ಮಿ.ಮೀ., 33ರದು 2.2, ತಟ್ಟೆಯ ಒಳ ಅಂಚು 180. ಲೆಕ್ಕ ಸರಿಯಾಗಿಯೇ ಇತ್ತು. ತಪ್ಪು ರಬ್ಬರಿನ ಗಾತ್ರದಲ್ಲಿರಲಿಲ್ಲ, ಗುಣದಲ್ಲಿತ್ತು. ಕಲ್ಲಿನಂತೆ ಗಟ್ಟಿಯಾಗಿ ಜಾರುತ್ತಿತ್ತು, ಒಂದು ಕಡೆ ಹಳ್ಳ ಬಿದ್ದಿತ್ತು. ಹಳ್ಳದ ಕಾರಣವೂ ಗೊತ್ತಾಯಿತು. ಕಡೆಯ ಬಾರಿ ನುಡಿಸಿದವರು ಹಿಡಿಕೆಯನ್ನು 33ರಲ್ಲೇ ಬಿಟ್ಟು ಮುಚ್ಚಳ ಮುಚ್ಚಿದ್ದರು. ಅಷ್ಟೂ ವರ್ಷ ಆ ಸಪೂರ ಕಂಬಿ ರಬ್ಬರನ್ನು ಒಂದೇ ಕಡೆ ಒತ್ತುತ್ತಲೇ ಇತ್ತು.

ಮರಳು ಕಾಗದದಿಂದ ತಿಕ್ಕಿದೆ, ಒಂದು ದಿನ ಹಿಡಿತ ಬಂತು, ಮರುದಿನ ಹೋಯಿತು. ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದೆ, ಬೆಸೆದ ಜಾಗದಲ್ಲಿ ಪ್ರತಿ ಸುತ್ತಿಗೂ ಎಗರಿತು. ಎರಡು ವಾರ ಹೀಗೇ ಕಳೆದವು.

ದಾರಿ ಹೊಳೆದದ್ದು ಒಂದು ಲಗ್ನಪತ್ರಿಕೆ ತರಲು ಪ್ರೆಸ್ಸಿಗೆ ಹೋದಾಗ. ಗದಗನ್ನು ಮುದ್ರಣ ಕಾಶಿ ಎನ್ನುತ್ತಾರೆ. ಇಷ್ಟು ಪ್ರೆಸ್ಸುಗಳಿರುವ ಊರಿನಲ್ಲಿ ಅವುಗಳ ರೋಲರಿಗೆ ಹೊಸ ರಬ್ಬರ್ ಕೂರಿಸುವವರು ಇರಲೇಬೇಕಲ್ಲ. ಪ್ರೆಸ್ಸಿನವರೇ ವಿಳಾಸ ಕೊಟ್ಟರು.

“ಕಾಕಾ, ಇದಕ್ಕೆ ರಬ್ಬರ್ ಕೂರಿಸಿ ಕೊಡುತ್ತೀರಾ?”

ಅವರು ಚಕ್ರವನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದರು. “ಇದು ಯಾವ ಮಷಿನ್ನಿನದು ತಂಗಿ? ಟ್ರೆಡಲ್ ರೋಲರಿಗಿಂತ ಸಣ್ಣದನ್ನು ನಾನು ಮಾಡಿಲ್ಲ.”

“ಶಾಲೆಯ ಫೋನೋದ್ದು.”

“ಹಾಡಿನದೇ? ಹಾಗಾದರೆ ಮೆತ್ತನೆಯ ಮಾಲು ಹಾಕಬೇಕು. ಗಟ್ಟಿ ಹಾಕಿದರೆ ಮೋಟಾರಿನ ಸದ್ದೆಲ್ಲ ಹಾಡಿಗೆ ಹತ್ತುತ್ತದೆ.”

ಒಂದು ರೆಕಾರ್ಡ್ ಪ್ಲೇಯರನ್ನೂ ಬಿಚ್ಚದ ಮನುಷ್ಯ ಐಡ್ಲರಿನ ಗುಟ್ಟನ್ನು ಒಂದೇ ಮಾತಿನಲ್ಲಿ ಹೇಳಿದರು. ಪ್ರೆಸ್ಸಿನಲ್ಲಿ ಶಾಯಿ ಹಚ್ಚುವ ರೋಲರಿಗೆ ಹಾಕುವ ಮೆತ್ತನೆಯ ನೈಟ್ರೈಲ್ ರಬ್ಬರನ್ನೇ ಆರಿಸಿದರು. ಹಳೆಯ ರಬ್ಬರ್ ಕೆತ್ತಿ, ಹಿತ್ತಾಳೆಯ ಗುಂಬವನ್ನು ಉಜ್ಜಿ, ಅಂಟು ಬಳಿದು, ಹಸಿ ರಬ್ಬರಿನ ಪಟ್ಟಿ ಸುತ್ತಿ, ಮೇಲೆ ಬಟ್ಟೆಯ ಪಟ್ಟಿ ಬಿಗಿದು ಉಗಿಯ ಹಂಡೆಗೆ ಹಾಕುತ್ತಾರೆ. ಒಂದು ಚಕ್ರಕ್ಕಾಗಿ ಹಂಡೆ ಹಚ್ಚಲು ಆಗುವುದಿಲ್ಲ. ಪ್ರೆಸ್ಸುಗಳ ರೋಲರುಗಳು ಕೂಡುವವರೆಗೆ ಎಂಟು ದಿನ ಕಾದೆ. ಆಳುದ್ದದ ರೋಲರುಗಳ ಜೊತೆ ಇದೂ ಬೆಂದಿತು. ಆಮೇಲೆ ಲೇತ್‌ಗೆ ಏರಿಸಿ 38 ಮಿ.ಮೀ.ಗೆ ಸಾಣೆ ಹಿಡಿದರು. ಅಕ್ಷದಿಂದ ಕೂದಲಷ್ಟೂ ಓಲಬಾರದು ಎಂದು ನಾನು ಹೇಳುವ ಮೊದಲೇ ಡಯಲ್ ಗೇಜ್ ಹಚ್ಚಿ ನೋಡಿದ್ದರು. ನಿಮ್ಮ ಚಕ್ರದ ಗುಂಬ ಪ್ಲಾಸ್ಟಿಕ್ಕಿನದಾಗಿದ್ದರೆ ಈ ದಾರಿ ಹಿಡಿಯಬೇಡಿ, ಉಗಿಯಲ್ಲಿ ಕರಗಿಹೋಗುತ್ತದೆ.

ಇಷ್ಟರಲ್ಲಿ ಮುಳ್ಳು ಕೂರುವ ಕಾರ್ಟ್ರಿಜ್ ಬಿಚ್ಚಿದ್ದೆ. ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿಸುವ ಹರಳು ಒಳಗೆ ಒದ್ದೆ ಉಪ್ಪಿನ ಮುದ್ದೆಯಾಗಿತ್ತು. ಅದು ನಿಜವಾಗಿಯೂ ಉಪ್ಪೇ: ರೋಶೆಲ್ ಸಾಲ್ಟ್, ಹುಣಸೆಹಣ್ಣಿಗೆ ಹುಳಿ ಕೊಡುವ ಟಾರ್ಟಾರಿಕ್ ಆಮ್ಲದ ಲವಣ. ಬಾಗಿಸಿದರೆ ವಿದ್ಯುತ್ ಹುಟ್ಟಿಸುತ್ತದೆ, ಆದರೆ ತೇವಾಂಶ ತಾಗಿದರೆ ಕರಗುತ್ತದೆ, 55 ಡಿಗ್ರಿ ದಾಟಿದರೆ ಕೆಡುತ್ತದೆ. ನಮ್ಮ ಬೇಸಿಗೆ, ಮೇಲೆ ಸೋರುವ ಹಂಚು, ಎರಡನ್ನೂ ಅದು ತಾಳಲಿಲ್ಲ. ಬದಲಿಗೆ ಸೆರಾಮಿಕ್ ಕಾರ್ಟ್ರಿಜ್ ಹಾಕಿದೆ. ಇದಕ್ಕೆ ಎರಡು ಮುಖ: ಒಂದರಲ್ಲಿ 33ರ ವೇಗದ ಎಲ್‌ಪಿ ಪ್ಲೇಟಿನ ಸಣ್ಣ ಮುಳ್ಳು, ತಿರುಗಿಸಿದರೆ 78ರ ವೇಗದ ಹಳೆಯ ಪ್ಲೇಟಿನ ದಪ್ಪ ಮುಳ್ಳು. 78ರ ಗೀರು ಅಗಲವಾದದ್ದು. ಎಲ್‌ಪಿಯ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 25 ಮೈಕ್ರಾನ್, 78ರದು ಅದರ ಮೂರು ಪಟ್ಟು. ಸಣ್ಣ ಮುಳ್ಳು ಅಗಲ ಗೀರಿನ ತಳಕ್ಕೆ ಬಿದ್ದು ಕಸವನ್ನೇ ಕೇಳಿಸುತ್ತದೆ.

ತೋಳಿನ ಭಾರ ಹೊಂದಿಸುವ ಸ್ಪ್ರಿಂಗ್ ಸಡಿಲಾಗಿತ್ತು. ಓಣಿಯ ಪತ್ತಾರರ ಅಂಗಡಿಗೆ ಯಂತ್ರವನ್ನೇ ಹೊತ್ತುಕೊಂಡು ಹೋಗಿ, ಬಂಗಾರ ತೂಗುವ ತಕ್ಕಡಿಯ ಮೇಲೆ ಮುಳ್ಳು ಇಳಿಸಿದೆ. 14 ಗ್ರಾಂ! ಪ್ಲೇಟನ್ನು ಉಳುಮೆ ಮಾಡುವ ಭಾರ. ಸ್ಪ್ರಿಂಗ್ ಬಿಗಿದು 6ಕ್ಕೆ ತಂದೆ. ಸ್ಪೀಕರಿನ ಕಾಗದ ಹರಿದಿದ್ದಲ್ಲಿ ನೀರು ಬೆರೆಸಿದ ಅಂಟಿನಿಂದ ತೆಳು ಕಾಗದ ಹಚ್ಚಿದೆ. ಮುಂದಿನ ಬಟ್ಟೆಗೆ ಗುಳೇದಗುಡ್ಡದ ಖಣ ಹಾಕಬೇಕೆಂಬ ಆಸೆ ಬಹಳ ಇತ್ತು. ಹಿಡಿದು ನೋಡಿದರೆ ನೇಯ್ಗೆ ದಟ್ಟ, ಮೇಲಿನ ಸ್ವರಗಳು ಮಂಕಾದವು. ಜಾಳು ನೇಯ್ಗೆಯ ಸಾದಾ ಬಟ್ಟೆಯೇ ಸರಿಹೋಯಿತು.

ಅಣ್ಣನ ಮಗ ರಜೆಗೆ ಬಂದಿದ್ದ. “ಅತ್ತೆ, ಒಳಗೆ ಒಂದು ಬ್ಲೂಟೂತ್ ಬೋರ್ಡು ಕೂರಿಸಿಬಿಡೋಣ. ಇನ್ನೂರು ರೂಪಾಯಿ, ಹತ್ತು ನಿಮಿಷದ ಕೆಲಸ,” ಎಂದ. ಪ್ರೀತಿಯಿಂದಲೇ ಹೇಳಿದ. ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಪೆಟ್ಟಿಗೆ ಉಳಿಯುತ್ತದೆ, ಫೋನೋ ಸಾಯುತ್ತದೆ. ದನಿ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಕಣ್ಣಿಗೆ ತೋರಿಸುವ ಯಂತ್ರ ಇದು. ಗೀರು ಕಾಣುತ್ತದೆ, ಮುಳ್ಳು ಕಾಣುತ್ತದೆ, ಚಕ್ರ ತಿರುಗುವುದು ಕಾಣುತ್ತದೆ, ವಾಲ್ವ್ ಕೆಂಪಾಗುವುದು ಕಾಣುತ್ತದೆ. ಒಂದನ್ನೂ ಮುಚ್ಚಲು ನನಗೆ ಮನಸ್ಸಿಲ್ಲ. ಅವನಿಗೆ ಬೇರೆ ಕೆಲಸ ಕೊಟ್ಟೆ, ವೇಗ ಅಳೆಯುವ ಚಕ್ರ ಬರೆಯುವ ಕೆಲಸ. ಬಹಳ ಅಚ್ಚುಕಟ್ಟಾಗಿ ಮಾಡಿದ.

ಅದರ ಲೆಕ್ಕ ಹೀಗಿದೆ. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ನಿಯಾನ್ ದೀಪ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ, ನಿಮಿಷಕ್ಕೆ 6000. ಅದನ್ನು 33⅓ರಿಂದ ಭಾಗಿಸಿದರೆ 180. ಕಾಗದದ ಚಕ್ರದ ಮೇಲೆ 180 ಗೆರೆ ಎಳೆದು ತಟ್ಟೆಯ ಮೇಲಿಟ್ಟರೆ, ವೇಗ ಸರಿಯಿದ್ದಾಗ ಗೆರೆಗಳು ನಿಂತಂತೆ ಕಾಣುತ್ತವೆ. 78ಕ್ಕೆ 77 ಗೆರೆ. ಸೆಕೆಂಡಿಗೆ ಒಂದು ಗೆರೆ ಸರಿದರೆ ವೇಗ ಶೇ 1ರಷ್ಟು ತಪ್ಪಿದೆ ಎಂದರ್ಥ. ಮನೆಯ ಎಲ್‌ಇಡಿ ಬಲ್ಬಿನಲ್ಲಿ ಏನೂ ಕಾಣಲಿಲ್ಲ, ಸ್ವಿಚ್‌ಬೋರ್ಡಿನ ನಿಯಾನ್ ಇಂಡಿಕೇಟರನ್ನು ಹತ್ತಿರ ಹಿಡಿದಾಗ ಕಂಡಿತು. ಹೊಸ ರಬ್ಬರಿನ ಮೇಲೆ, ಮೂರು ಸೆಕೆಂಡಿಗೆ ಒಂದು ಗೆರೆ ಮುಂದೆ ಸರಿಯಿತು. ಗುಡ್ ಗುಡ್ ಸದ್ದು ಹೋಗಿತ್ತು.

78ರ ಪರೀಕ್ಷೆಗೆ ನನ್ನಲ್ಲಿ ಒಳ್ಳೆಯ ಪ್ಲೇಟು ಇರಲಿಲ್ಲ. ಧಾರವಾಡದ ಮಾಳಮಡ್ಡಿಯಲ್ಲಿ ಹಿರಿಯರೊಬ್ಬರು ಜೋಪಾನವಾಗಿ ಕೂಡಿಟ್ಟಿದ್ದಾರೆಂದು ತಿಳಿದು ಯಂತ್ರ ಸಮೇತ ಹೋದೆ. ಧೂಳು ಕಂಡು ನಾನು ಸ್ಪಿರಿಟ್ ತೆಗೆಯಹೋದಾಗ ಅಜ್ಜ ಕೈ ತಡೆದರು. ಹಳೆಯ 78 ಅರಗಿನಿಂದ ಮಾಡಿದ್ದು, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ತುಸು ಸೋಪು ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಒಣಗಿಸಿ ಕೊಟ್ಟರು.

ಪ್ಲೇಟಿನಿಂದ ಹೆಣ್ಣುದನಿಯೊಂದು ಎದ್ದಿತು. ತೆಳುವಾದದ್ದು, ಎತ್ತರದ್ದು. ವೇಗ ಹೆಚ್ಚಾಗಿದೆ ಎಂದುಕೊಂಡು ನಿಯಾನ್ ಹಿಡಿದೆ. ಗೆರೆಗಳು ನಿಂತೇ ಇದ್ದವು. ಮತ್ತೆ ಕೇಳಿದೆ, ಮತ್ತೆ ಗೆರೆ ನೋಡಿದೆ.

“ಏನನ್ನೂ ಮುಟ್ಟಬೇಡ ತಂಗಿ. ವೇಗ ಸರಿಯಾಗಿದೆ. ಇವರು ಗಂಗೂಬಾಯಿ.”

ಲೇಬಲ್ಲಿನಲ್ಲಿ ‘ಗಾಂಧಾರಿ’ ಎಂದಿತ್ತು. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರು ಎಚ್‌ಎಂವಿಗೆ ಆ ಹೆಸರಿನಲ್ಲಿ ಹಾಡಿದ್ದರು. ನಾವೆಲ್ಲ ಧಾರವಾಡ ಆಕಾಶವಾಣಿಯಲ್ಲಿ ಕೇಳಿ ಬೆಳೆದದ್ದು ಅವರ ಗಂಡುದನಿಯಂಥ ಘನವಾದ ಕಂಠ. ಗಂಟಲಿನ ಚಿಕಿತ್ಸೆಯ ನಂತರ ದನಿ ಹಾಗೆ ಬದಲಾಯಿತೆಂದು ಓದಿದ್ದೆ. ಅದಕ್ಕೂ ಮೊದಲಿನ ದನಿಯನ್ನು ಕಿವಿಯಾರೆ ಕೇಳಿರಲಿಲ್ಲ. ಸುಮಾರು ಮೂರು ನಿಮಿಷ, ಒಂದು ಬದಿ. ಮುಳ್ಳು ಕೊನೆಯ ಗೀರಿನಲ್ಲಿ ಸುತ್ತುತ್ತಿತ್ತು, ಇಬ್ಬರೂ ಎತ್ತಲಿಲ್ಲ. ನನ್ನ ಯಂತ್ರ ಆ ದಿನ ನನ್ನ ಕಿವಿಗಿಂತ ಸರಿಯಾಗಿತ್ತು.

ಮಾರ್ಚಿನ ಒಂದು ಶನಿವಾರ ಪೆಟ್ಟಿಗೆಯನ್ನು ಶಾಲೆಗೆ ಮರಳಿಸಿದೆ. ಐದನೆಯ ವರ್ಗದ ಮೂವತ್ತೊಂದು ಮಕ್ಕಳು ಕುಳಿತಿದ್ದರು. ಸ್ವಿಚ್ ಹಾಕಿದೆ. ಅರ್ಧ ನಿಮಿಷ ತುಂಬಲು ಮಾಸ್ತರರ ಅದೇ ಕಥೆ ಹೇಳಿದೆ. ಗುಂಯ್ ಎಂಬ ಸದ್ದು ಬಂದಾಗ ಪಿಸುಮಾತು ತಾನಾಗಿ ನಿಂತಿತು. ಮುಳ್ಳು ಇಳಿಸುವವರು ಯಾರು ಎಂದು ಕೇಳಿದಾಗ ಮೂವತ್ತೊಂದು ಕೈ ಎದ್ದವು. ಸರದಿಯಲ್ಲಿ ಎಲ್ಲರಿಗೂ ಕೊಟ್ಟೆ, ಅದಕ್ಕೇ ಒಂದು ತಾಸು ಹಿಡಿಯಿತು. ಗೀರು ಬಿದ್ದರೂ ಬೇಸರವಾಗದ ಹಳೆಯ ಪ್ಲೇಟನ್ನು ಅದಕ್ಕೆಂದೇ ಒಯ್ದಿದ್ದೆ.

ಕೊನೆಗೆ ದನಿಯ ಗುಂಡಿಯನ್ನು ಸೊನ್ನೆಗೆ ಇಳಿಸಿದ್ದೆ, ಪ್ಲೇಟು ತಿರುಗುತ್ತಿತ್ತು. ಮುಂದೆ ಕುಳಿತಿದ್ದ ಹುಡುಗಿಯೊಬ್ಬಳು ಬಾಗಿ ಮುಳ್ಳಿನ ಹತ್ತಿರ ಕಿವಿ ತಂದಳು. “ಟೀಚರ್, ಸ್ಪೀಕರ್ ಬಂದ್ ಇದ್ದರೂ ಇದರೊಳಗೆ ಯಾರೋ ಹಾಡುತ್ತಿದ್ದಾರೆ.” ಹೌದು, ಗೀರಿನಲ್ಲಿ ಅಲುಗುವ ಮುಳ್ಳು ತಾನೇ ಸೊಳ್ಳೆಯಷ್ಟು ಸಣ್ಣಗೆ ಹಾಡುತ್ತದೆ. ಒಬ್ಬೊಬ್ಬರಾಗಿ ಎಲ್ಲರೂ ಕಿವಿ ಇಟ್ಟರು.

ರಜಿಸ್ಟರಿನಲ್ಲಿ 47ರ ಎದುರು ಹೆಡ್‌ಮಾಸ್ತರರು ‘ದುರಸ್ತಿಯಾಗಿ ಬಂದಿದೆ’ ಎಂದು ಬರೆದರು. 16ರ ವೇಗದಲ್ಲಿ ಮಾತ್ರ ತಟ್ಟೆ ಇನ್ನೂ ತಡವರಿಸುತ್ತದೆ. ಆ ಮೆಟ್ಟಿಲು ಕಡ್ಡಿಯಷ್ಟು ಸಪೂರ, ಬೇಸಿಗೆ ರಜೆಯಲ್ಲಿ ನೋಡಬೇಕು. ಮುಚ್ಚಳದ ಒಳಗೆ ದಪ್ಪ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿ ಬಂದಿದ್ದೇನೆ: ‘ನುಡಿಸಿದ ಮೇಲೆ ಹಿಡಿಕೆಯನ್ನು ಎರಡು ಅಂಕಿಗಳ ನಡುವೆ ಇಡಿ. ರಬ್ಬರ್ ಚಕ್ರ ಬಿಡುವಾಗಿರಲಿ.’